ಹಿಂದಿಕ್ಕುವಂತಿಲ್ಲ

ಇದು ಸತತ ಹದಿನಾಲ್ಕನೆಯ ಸೋಲು.
ಎಣಿಸುವುದು ಬಿಟ್ಟಿದ್ದೇನೆ ಎಂದು ಕ್ಯಾಂಟೀನಿನ ರಾಯ್ಲಿಗೆ ಹೇಳುತ್ತೇನೆ,
ಹೇಳುವಾಗಲೇ ಎಣಿಸಿರುತ್ತೇನೆ.

ಹಾರ್ಯುಕೊಸ್ಕಿ:
ಫಿನ್ಲೆಂಡಿನ ನಕ್ಷೆಯಲ್ಲಿ ಕಿರುಬೆರಳಿಟ್ಟರೆ ಮುಚ್ಚಿಹೋಗುವ ಊರು.
ನಮ್ಮ ಐಸ್ ಹಾಕಿ ತಂಡದ ಹೆಸರು ಹೌಕಿ,
ಹೊಳೆಯಲ್ಲಿ ಸಿಗುವ ಹಲ್ಲುಬಿಟ್ಟ ಮೀನು.
ಜೆರ್ಸಿಯ ಎದೆಯ ಮೇಲೆ ಮೂವತ್ತೊಂದು ವರ್ಷದಿಂದ ಬಾಯಿ ತೆರೆದೇ ಇದೆ.
ಮೊದಮೊದಲು ಕಚ್ಚಲು ಬಂದಂತಿತ್ತು,
ಈಗ ನೀರಿನಿಂದ ಎತ್ತಿ ಹಾಕಿದಂತಿದೆ.

ಸಿ ಸ್ಟ್ಯಾಂಡು, ಒಂಬತ್ತನೆಯ ಸಾಲು, ಹದಿನೇಳು ನನ್ನದು.
ಹದಿನೆಂಟು ಔಲಿಸನದಾಗಿತ್ತು.
ನನ್ನನ್ನು ಬಿಟ್ಟು ಕರಾವಳಿಗೆ ಹೋದ. ಅದಿರಲಿ,
ಇಬ್ಬರ ತಪ್ಪೂ ಇತ್ತು, ಒಂದು ಫ್ಲಾಸ್ಕು ಕಾಫಿಯಲ್ಲಿ ಮಾತಾಡಿ ಮುಗಿಸಿದೆವು.
ಆದರೆ ಮರುವರ್ಷವೇ ಆ ಊರಿನ ಹಳದಿ ಶಾಲು ಸುತ್ತಿಕೊಂಡು
ಟೀವಿಯಲ್ಲಿ ಕಾಣಿಸಿದನಲ್ಲ, ನಮಗೇ ಎದುರಾಗಿ, ಕುಣಿಯುತ್ತ,
ಅದಕ್ಕೆ ಯಾವ ಕೋರ್ಟು ಏನು ಪರಿಹಾರ ಕೊಟ್ಟೀತು?
ಹದಿನೆಂಟರಲ್ಲಿ ಈಗ ನನ್ನ ಕೋಟು ಕೂರುತ್ತದೆ.
ಅದು ಪಂದ್ಯದ ನಡುವೆ ಎದ್ದು ಹೋಗುವುದಿಲ್ಲ.

ಇವತ್ತಿನದು ಕೇಳಿ.
ಗೋಲಿನಲ್ಲಿ ಹೊಸ ಹುಡುಗ, ತಾಯ್ಸ್ತೊ, ಹತ್ತೊಂಬತ್ತು.
ಮುತ್ತಾತನ ಹೆಸರಂತೆ; ಅರ್ಥ ಕಾಳಗ.
ಮುಖವಾಡ ಎತ್ತಿ ನೀರು ಕುಡಿಯುವಾಗ ನೋಡಿದರೆ
ಚಳಿಗೆ ಕೆಂಪಾದ ಕಿವಿ,
ಬರಲೋ ಬೇಡವೋ ಎನ್ನುತ್ತಿರುವ ಮೀಸೆ.
ಕಂಬಗಳನ್ನು ಕೋಲಿನಿಂದ ಮುಟ್ಟಿದ, ಎಡ, ಬಲ, ಮತ್ತೆ ಎಡ,
ಬಾಗಿಲು ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ನೋಡುವವರ ಹಾಗೆ.

ಹಾಕಿರಲಿಲ್ಲ.

ಹನ್ನೊಂದು ನಿಮಿಷಕ್ಕೆ ಮೂರು.
ಅವರಲ್ಲೊಬ್ಬ ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂತಾಗಲೂ
ನಮ್ಮ ಐವರು ಅವರ ನಾಲ್ವರ ಸುತ್ತ
ಮದುವೆಮನೆಯಲ್ಲಿ ಗುರುತು ಸಿಗದ ನೆಂಟರಂತೆ ಸುಳಿದಾಡಿದರು,
ಬಿಲ್ಲೆಯನ್ನು ನೀವು ತಗೊಳ್ಳಿ, ಇಲ್ಲ ನೀವೇ ತಗೊಳ್ಳಿ ಎಂದು.
ಒಮ್ಮೆ, ಒಮ್ಮೆ ಮಾತ್ರ, ಕ್ಯಾಪ್ಟನ್ ಕೇತೊಲ
ಎರಡು ಸಲ ಕೊಯ್ದು ಹೊಲಿದ ಮಂಡಿಯವನು
ಒಬ್ಬನೇ ನುಗ್ಗಿದ.
ಇಡೀ ಅಂಗಣ, ಅಂದರೆ ಎಂಟುನೂರ ಹನ್ನೆರಡು ಜನ,
ಉಸಿರು ಹಿಡಿದದ್ದು ಕೇಳಿಸಿತು.
ಒಳಗೆ ಬಿತ್ತು!
ನಾನು ಕಾಫಿ ಚೆಲ್ಲಿಕೊಂಡೆ, ತೊಡೆ ಸುಟ್ಟಿತು, ಸುಡಲಿ.
ನಾಳೆ ಮುಟ್ಟಿ ನೆನೆಯಲಿಕ್ಕೆ ಒಂದು ಬೊಬ್ಬೆಯಾದರೂ ಬೇಕಲ್ಲ.

ಒಂದು, ಆರು.

ಯಾಕಮ್ಮ ಹೋಗುತ್ತೀ ಎಂದು ಮಗಳು ಕೇಳುತ್ತಾಳೆ.
ನಾನು ನಗರಸಭೆಯ ಹಿಮ ತಳ್ಳುವ ಲಾರಿಯವಳು.
ಇಪ್ಪತ್ತಾರು ಚಳಿಗಾಲ, ಒಂದೇ ರಸ್ತೆ,
ತೆಗೆದು ತಿರುಗುವಷ್ಟರಲ್ಲಿ ಮತ್ತೆ ಬಿಳಿ.
ಅದನ್ನು ಯಾಕೆ ಮಾಡುತ್ತೀ ಎಂದು ಯಾರೂ ಕೇಳಿಲ್ಲ ಎಂದೆ.
ಅದಕ್ಕೆ ಸಂಬಳ ಕೊಡುತ್ತಾರಮ್ಮ ಎಂದಳು.
ಅವಳು ಅಪ್ಪನ ಮಗಳು.

ಹನ್ನೊಂದೂವರೆಗೆ ಪಾಳಿ. ಶಾಲು ಬಿಚ್ಚದೆ ಗಾಡಿ ಹತ್ತಿದೆ.
ಮುಚ್ಚಿದ ಕಾಗದದ ಗಿರಣಿಯ ತಿರುವಿನಲ್ಲಿ
ಕನ್ನಡಿಗೆ ಎರಡು ದೀಪ ಬಿದ್ದವು.
ಗೆದ್ದವರ ಬಸ್ಸು,
ನಮ್ಮ ಮೂರು ಅಂಕ ಹೊಟ್ಟೆಯಲ್ಲಿಟ್ಟುಕೊಂಡು ದಕ್ಷಿಣಕ್ಕೆ ಹೊರಟದ್ದು.
ಅದರ ಮುಂದೆ ನಾನು. ನನ್ನ ಮುಂದೆ ಮೊಣಕಾಲುದ್ದ ಹಿಮ.
ಎರಡೂ ಕಡೆ ಸ್ಪ್ರೂಸ್ ಮರ, ನಡುವೆ ಒಂದೇ ಗಾಡಿಯ ಹಾದಿ.
ಚಾಲಕ ದೀಪ ಮಿಣುಕಿಸಿದ. ಇನ್ನೊಮ್ಮೆ.
ಮೂವತ್ತರಲ್ಲಿದ್ದೆ, ಇಪ್ಪತ್ತೈದಕ್ಕೆ ಇಳಿಸಿದೆ.
ನಿಯಮವೇನೂ ಮುರಿದಿಲ್ಲ, ಬೇಕಾದರೆ ರೆಫರಿ ಬಂದು ನೋಡಲಿ.
ಹದಿನೆಂಟು ಕಿಲೋಮೀಟರು,
ಈ ಋತುವಿನಲ್ಲಿ ಮೊದಲ ಸಲ,
ಹಾರ್ಯುಕೊಸ್ಕಿ ಮುಂದಿತ್ತು.

ಪೆಟ್ರೋಲ್ ಬಂಕಿನ ಹತ್ತಿರ ಬದಿಗೆ ಸರಿದೆ.
ಬಸ್ಸು ಹಾದುಹೋಯಿತು.
ಕಿಟಕಿ ಕಿಟಕಿಗೂ ಕೆನ್ನೆ ಒತ್ತಿ
ಬಾಯಿ ತೆರೆದು ಮಲಗಿದ ಹುಡುಗರು,
ಥೇಟ್ ನಮ್ಮ ಮೀನು.

ಲಾರಿ ತಿರುಗಿಸಿದರೆ, ನಾನೇ ಬಿಡಿಸಿದ ದಾರಿಯ ಮೇಲೆ
ಆಗಲೇ ಬೆರಳುದ್ದ ಬಿದ್ದಿದೆ.
ಮಂಗಳವಾರ ಆರೂವರೆಗೆ ಪಂದ್ಯ. ತಾಯ್ಸ್ತೊನನ್ನೇ ನಿಲ್ಲಿಸುತ್ತಾರಂತೆ.
ಆ ಕಿವಿಗಳಿಗೆ ಉಣ್ಣೆಯದೇನಾದರೂ ಹೆಣೆದು ಕೊಡೋಣವೆಂದರೆ
ಹೆಲ್ಮೆಟ್ಟಿನೊಳಗೆ ಹಿಡಿಸುತ್ತದೋ ಇಲ್ಲವೋ.