ಅಲುಗಬೇಡ

ಗಿದೆಯೋನ್, ಮೊದಲು ಕೈಗವಸು ತೆಗೆ.
ಹೌದು, ಈ ಮೈನಸ್ ಇಪ್ಪತ್ತರಲ್ಲೇ.
ರೆಕ್ಕೆಯ ಮೇಲೆ ಕೂತದ್ದು ಬೆಳ್ಳಗಿದ್ದರೆ ಪೊರಕೆ ಸಾಕು;
ಗಾಜಿನಂಥದ್ದು ಕಣ್ಣಿಗೆ ಬೀಳುವುದಿಲ್ಲ,
ಅಂಗೈಗೆ ಮಾತ್ರ ಸಿಗುತ್ತದೆ.
ಸವರಿ ಬಿಡು, ಒತ್ತಿ ಹಿಡಿಯಬೇಡ.
ಲೋಹ ನಿನ್ನ ಚರ್ಮವನ್ನು ಸಾಲ ಕೇಳುತ್ತದೆ,
ವಾಪಸು ಕೊಡುವುದಿಲ್ಲ.

ಎಂಜಿನ್ನಿನ ಬಾಯಿಗೆ ಕಟ್ಟಿದ ಕೆಂಪು ಮುಚ್ಚಳಗಳನ್ನು
ಕೊನೆಗೆ ಬಿಚ್ಚು. ಬಿಚ್ಚಿದ್ದನ್ನು ಎಣಿಸು.
ನಾಲ್ಕಿರಬೇಕು. ಮೂರಿದ್ದರೆ
ಪೈಲಟ್ಟಿನ ಎದುರು ಅಡ್ಡ ನಿಲ್ಲು, ನಾಚಿಕೆ ಬೇಡ.

ಬಾಲದ ಕಡೆ ಹೋಗಬೇಡ, ಯಾರನ್ನೂ ಬಿಡಬೇಡ;
ತಿರುಗುವಾಗ ಆ ಚಕ್ರ ಕಾಣುವುದಿಲ್ಲ.
ದಿಬ್ಬದ ಕಡೆಯಿಂದಲೂ ಬೇಡ.
ಅಲ್ಲಿ ನೆಲ ಎತ್ತರ, ರೆಕ್ಕೆಯಂಚು ನಿನ್ನ ಕೊರಳ ಮಟ್ಟ.
ನಾಯಿಗಳನ್ನು ಕಟ್ಟು.
ಮುದುಕ ಬೋವಾಸ್ ತನ್ನ ಈಟಿಗೋಲನ್ನು
ನೆಟ್ಟಗೆ ಹಿಡಿದು ಬರುತ್ತಾನೆ, ಪ್ರತಿ ಸಲ.
ಅಡ್ಡ ಹಿಡಿ ಎನ್ನು, ಪ್ರತಿ ಸಲ.

ಹೊಸ ಹಿಮ ಬಿದ್ದ ದಿನ
ಅವನು ಇಳಿಯುವಾಗ ಬಿದ್ದದ್ದೆಲ್ಲ ಮೇಲೇಳುತ್ತದೆ.
ಕೊಲ್ಲಿಯಿಲ್ಲ, ಮನೆಗಳಿಲ್ಲ, ಇಸೊರ್ತೊಕ್ಕಿನ ಇಗರ್ಜಿಯಿಲ್ಲ;
ಮೇಲೂ ಹಾಲು, ಕೆಳಗೂ ಹಾಲು,
ನಡುವೆ ಆರು ಜನ, ಅಂಚೆಚೀಲ, ಯಾರದೋ ತೊಟ್ಟಿಲು.
ನೆಲ ಎಲ್ಲಿದೆಯೆಂದು ಅವನಿಗೆ ಹೇಳುವುದು
ನಾವು ಇಟ್ಟ ಎಣ್ಣೆಯ ಪೀಪಾಯಿ ಒಂದೇ.

ಆ ಮಾರ್ಚ್ ತಿಂಗಳಲ್ಲಿ ಪೀಪಾಯಿ ಹೂತುಹೋಗಿತ್ತು.
ಥೋರ್ಕಿಲ್ ಎರಡು ಸುತ್ತು ಹಾಕಿದ.
ರೇಡಿಯೋದಲ್ಲಿ ಮಾತಿಲ್ಲ, ಉಸಿರು ಮಾತ್ರ.
ನಾನು ಹೋಗಿ ಮಂಡಿಯೂರಿದೆ,
ಕಿತ್ತಳೆ ಜಾಕೀಟು, ಅವನ ಕಿಟಕಿಗೆ ನೇರ.
ಮುಖಕ್ಕೆ ಉಪ್ಪಿನ ಹಾಗೆ ಎರಚುವ ಹಿಮ,
ಬೆನ್ನು ತುರಿಸಿತು, ಮೂಗು ಸೋರಿತು.
ಅಲುಗಲಿಲ್ಲ.
ನಾನು ಅಲುಗಿದರೆ ನೆಲವೇ ಅಲುಗಿತು
ಎಂದುಕೊಳ್ಳುತ್ತಾನೆ ಅವನು.
ನಾನು ವಾಲಿದರೆ ಅವನೂ ವಾಲುತ್ತಾನೆ, ಆರು ಜನರ ಸಮೇತ.
ಅಷ್ಟು ಹೊತ್ತು ನಾನು ದೋರ್ತೆಯಾ ಅಲ್ಲ,
ಮೂವರ ತಾಯಿಯಲ್ಲ, ಅಂಗಡಿಯಲ್ಲಿ ಬಾಕಿ ಉಳಿಸಿದವಳಲ್ಲ.
ಪೀಪಾಯಿ.

ಬಿಳುಪು ಕೂತ ಮೇಲೆ ನೋಡಿದರೆ
ಅದರ ಕಬ್ಬಿಣದ ಕಾಲು ನನ್ನಿಂದ ಎಂಟು ಮೊಳ.
ಥೋರ್ಕಿಲ್ ಇಳಿದು ಬಂದ, ಹೊಗಳಲಿಲ್ಲ.
ಸಿಗರೇಟು ಹಚ್ಚಲಾಗದೆ ಹಾಗೇ ಕಚ್ಚಿಕೊಂಡು
‘ನಾನು ವಾಪಸು ಹೋಗಬೇಕಿತ್ತು’ ಎಂದ.

ಮರುವಾರ ಅದೇ ಹವೆ. ಬರಲಿಲ್ಲ.
ನಾಲ್ಕು ದಿನ ಜನ ಅಂಗಡಿಯ ಹೀಟರಿನ ಸುತ್ತ ಕೂತು
ಅವನ ವಂಶವನ್ನೆಲ್ಲ ಜಾಲಾಡಿದರು.
ಆಲೂಗಡ್ಡೆ ಮುಗಿದಿತ್ತು, ಹೊಗೆಸೊಪ್ಪೂ.
ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ಬರೆದವಳು ನಾನೇ:
ಇಮ್ಮಕಾ. ನೋಡೋಣ.
ಬೈಸಿಕೊಳ್ಳುವುದೂ ಕೆಲಸವೇ, ಪೊರಕೆ ಹಿಡಿದಷ್ಟೇ.

ಅಗೋ, ಕಾಫಿ ಮುಗಿಸಿ ಬರುತ್ತಿದ್ದಾನೆ.
ಕೈಗವಸು ಹಾಕಿಕೋ ಇನ್ನು.
ಮುಚ್ಚಳ ಎಷ್ಟಾಯಿತು?
ಇನ್ನೊಮ್ಮೆ ಎಣಿಸು.
ಮತ್ತೆ ಅಲ್ಲಿ, ಆ ಬೋವಾಸನ ಕೋಲು ನೋಡು.