ಗಂಟೆಗೆ ನಾಲ್ಕು ಮೈಲಿ

ಹಾರ್ನಿಂಗ್‌ನಲ್ಲಿ ಹಗ್ಗ ಬಿಚ್ಚಿಕೊಡುತ್ತ
ದೋಣಿಮನೆಯ ಹುಡುಗಿ ಹೇಳಿದ್ದು ಇಷ್ಟೇ:
ಅಲೆ ಎಬ್ಬಿಸಬೇಡಿ, ದಡ ಸವೆಯುತ್ತದೆ.

ಚುಕ್ಕಾಣಿಗೆ ಹಸನಬ್ಬ.
ಇಪ್ಪತ್ತಾರು ವರ್ಷ ನಾರಿಚ್‌ನಲ್ಲಿ ಆಂಬುಲೆನ್ಸ್ ಓಡಿಸಿದವನು,
ಕೆಂಪು ದೀಪಕ್ಕೆ ನಿಂತವನಲ್ಲ.
ಈಗ ಬಾತುಕೋಳಿಯೊಂದು, ಬೆನ್ನಿಗೆ ಏಳು ಮರಿ,
ನಮ್ಮನ್ನು ಹಿಂದಿಕ್ಕಿ ಹೋದರೂ
ಹಾರ್ನ್ ಇಲ್ಲ.

ರಾನ್‌ವರ್ತ್ ಕೆರೆ. ಎಂಜಿನ್ ಆರಿಸಿದ.
ಜೊಂಡಿನೊಳಗೆ ಏನೋ ಕುಟುಕಿತು, ಸುಮ್ಮನಾಯಿತು.
ಫ್ಲಾಸ್ಕಿನ ಚಹಾ, ಸೌತೆಕಾಯಿ. ಉಪ್ಪು ಮರೆತಿದ್ದೆವು.
ಅವನ ಬಲಗಾಲು ಮಾತ್ರ
ಇಲ್ಲದ ಪೆಡಲನ್ನು ಒತ್ತುತ್ತಲೇ ಇತ್ತು.

"ಹೊತ್ತಿಗೆ ನಾನು ಮುಟ್ಟದವರು ಹನ್ನೊಂದು ಮಂದಿ"
ಎಂದ, ನೀರಿಗೆ.
ನಾನು ಹೆಸರು ಕೇಳಲಿಲ್ಲ.

ಸಂಜೆ ಹೊರಳಿ ನೋಡಿದರೆ
ನಾವು ಸೀಳಿ ಬಂದ ದಾರಿ
ಆಗಲೇ ಕೂಡಿಕೊಂಡಿತ್ತು,
ಮೇಲೊಂದು ಸೌತೆಸಿಪ್ಪೆ.