ಡೋರೀನ್ ಒಳಗೆ

ವಾರ್ನಂಬೂಲಿನ ಈ ಪಶು ಆಸ್ಪತ್ರೆಯಲ್ಲಿ
ಎಕ್ಸರೇ ತೆಗೆದ ಮೂಳೆಯೆಲ್ಲ
ಡೋರೀನಳ ಹೊಟ್ಟೆಗೇ ಹೋಗುತ್ತದೆ.

ಅವಳು ಕೆಲಸ ಬಿಟ್ಟು ಆರು ವರ್ಷ.
ನಾನು ಅವಳನ್ನು ಕಂಡವಳಲ್ಲ.
ಕಂಡದ್ದು ಖಾನೆಯ ಮೂಲೆಯಲ್ಲಿ ಕಲ್ಲಾದ ಪೆಪ್ಪರಮಿಂಟು,
ಮೌಸು ಉಜ್ಜಿ ಉಜ್ಜಿ ಬೆಳ್ಳಗಾದ ಮೇಜಿನ ಎಡಗಡೆ
(ಎಡಚಿ ಇರಬೇಕು),
ಸೇವ್ ಒತ್ತಿದಾಗಲೆಲ್ಲ ತಾನಾಗಿ ಬಾಯಿ ತೆರೆಯುವ
ಅವಳ ಹೆಸರಿನ ಫೋಲ್ಡರು.

ಒಳಗೆ ಹದಿನೇಳು ಸಾವಿರ ಚಿಲ್ಲರೆ:
ಗೇಟಿಗೆ ಸಿಕ್ಕಿದ ಕೆಲ್ಪಿ ನಾಯಿಯ ಮುಂಗಾಲು,
ಗಾಲ್ಫ್ ಚೆಂಡು ನುಂಗಿ ಏನೂ ಅರಿಯದಂತೆ ಮಲಗಿದ ಲ್ಯಾಬ್ರಡಾರು,
ಯಾವುದೋ ಕ್ರಿಸ್ಮಸ್ ಊಟಕ್ಕೆ ಯಾರು ಏನು ತರಬೇಕೆಂಬ ಪಟ್ಟಿ,
ಮತ್ತೆ 'ಹೊಸದು', 'ಹೊಸದು ಎರಡು',
'ನಿಜವಾಗ್ಲೂ ಹೊಸದು'.

ಡಾಕ್ಟರ್ ಕ್ಯಾಲಮ್ ಕೈಗವಸು ಕಳಚದೆ ಕೂಗುತ್ತಾನೆ:
"ಡೋರೀನ್ ಒಳಗೆ ನೋಡು, ಇರುತ್ತೆ."
ಇರುತ್ತೆ.
ಸಿಗೋದಿಲ್ಲ.

ಮಂಗಳವಾರ, ಕಡಲಗಾಳಿಗೆ ಬಾಗಿಲು ಒಂದೇ ಸಮ ಬಡಿಯುತ್ತಿದ್ದಾಗ
ಟೂಲ್ಸ್‌ಗೆ ಹೋದೆ, ಅಲ್ಲಿಂದ ಆಯ್ಕೆಗಳಿಗೆ.
ಮೂರನೇ ಪುಟದ ತಳದಲ್ಲಿ, ಬೂದು ಪೆಟ್ಟಿಗೆಯೊಳಗೆ
ಡಿ, ಎರಡು ಚುಕ್ಕೆ, ಓರೆಗೆರೆ, ಡೋರೀನ್.
ಬಂದ ದಾರಿಗೆ ಸುಂಕವಿಲ್ಲ ಅಂತ
ಇದಕ್ಕೆ ಯಾರು ಹೇಳಿಕೊಟ್ಟರೋ.

ಅಳಿಸಹೋದರೆ ಪಾಸ್‌ವರ್ಡು ಕೇಳಿತು.
ಪೋರ್ಟ್ ಫೇರಿಗೆ ಫೋನು ಮಾಡಿದೆ.

"ಅಯ್ಯೋ, ಅದಿನ್ನೂ ಇದೆಯಾ?" ಅಂದಳು ಡೋರೀನ್,
ಹಿಂದೆ ಕೆಟಲು ಸಿಳ್ಳೆ ಹಾಕುತ್ತಿತ್ತು.
"ನನಗಿಂತ ಮುಂಚೆ ಬೆವ್ ಅಂತ ಇತ್ತಮ್ಮ.
ಬೆವ್‌ಳ ಒಳಗೆ ನೋಡು ಅಂದಂದೇ ಸಾಕಾಗಿ
ನನ್ನ ಹೆಸರು ಬರೆದೆ."
ಪಾಸ್‌ವರ್ಡು ಅವಳ ಬೆಕ್ಕಿನ ಹೆಸರು: ಹಂಫ್ರಿ, ಕೊನೆಗೆ ಎರಡು ಸೊನ್ನೆ.
ಸ್ವಲ್ಪ ತಡೆದು, "ಅವನ ಕಿಡ್ನಿಯೂ ಅಲ್ಲೇ ಎಲ್ಲೋ ಇದೆ,
ಕಂಡರೆ ಅಳಿಸಬೇಡ."

ಪೆಟ್ಟಿಗೆ ಖಾಲಿಯಾಯಿತು.
ಕರ್ಸರು ಕಣ್ಣು ಮಿಟುಕಿಸುತ್ತ ನಿಂತಿತು, ಎಲ್ಲಿಗೆ?
ನನ್ನ ಹೆಸರಿಡಲೇ ಅನ್ನಿಸಿದ್ದು ಸುಳ್ಳಲ್ಲ.
ಇನ್ನಾರು ವರ್ಷಕ್ಕೆ ಯಾವಳೋ ಒಬ್ಬಳು
ವಾರಿಜಳ ಒಳಗೆ ಕೈಹಾಕಿ
ಕುರಿಯ ದವಡೆ ತಡಕಾಡುವುದು ನೆನೆದು
'ಎಕ್ಸರೇ' ಎಂದಷ್ಟೇ ಒತ್ತಿದೆ. ಪಕ್ಕದಲ್ಲಿ ಇಸವಿ. ಓಕೆ.

ಯಂತ್ರ ಒಂದು ಮಾತೂ ಆಡದೆ ಒಪ್ಪಿಕೊಂಡಿತು.
ಇಷ್ಟು ಸಲೀಸೇ ಎಂದು ಕೊಂಚ ಬೇಜಾರೂ ಆಯಿತು.
ಮನೆ ಬದಲಿಸಿ ವರ್ಷ ಕಳೆದರೂ ನನ್ನ ಕಾರು
ಸಂಜೆಯಾದರೆ ಟಿಮೋರ್ ಸ್ಟ್ರೀಟಿಗೇ ಹೊರಳುತ್ತದೆ;
ನಾಯಿಯ ಮಾತ್ರೆ ಎಣಿಸಿ ಹಾಕುವಾಗ
ಒಂದು ಎರಡು ಮೂರು ಕನ್ನಡದಲ್ಲೇ,
ಅದು ಯಾವ ಪುಟದ ತಳದಲ್ಲಿದೆಯೋ
ಹುಡುಕಲು ಹೋಗಿಲ್ಲ.

ನಾಲ್ಕು ಗಂಟೆಗೆ ಒಂದು ಗ್ರೇಹೌಂಡ್ ಬಂತು,
ಕಾರಿನ ಬಾಗಿಲಿಗೆ ಬಾಲ ಸಿಕ್ಕಿತ್ತಂತೆ.
ಕ್ಲಿಕ್ಕು, ಸೇವ್.
"ಎಲ್ಲಿ?" ಅಂದ ಕ್ಯಾಲಮ್, ಅಂದವನೇ
ಡೋರೀನ್ ಒಳಗೆ ಹುಡುಕತೊಡಗಿದ.

ಹೊಸ ಫೋಲ್ಡರಿನ ಬಿಳಿ ಬಯಲಲ್ಲಿ
ಒಂದೇ ಒಂದು ಬಾಲ.